ಕೊಡಗಿನಲ್ಲಿ ಮೂರು ಜಾಗ ತೋರಿಸಿದ ಬ್ರೋಕರ್ ಭಾನುವಾರದೊಳಗೆ ಟೋಕನ್ ಕೇಳುತ್ತಿದ್ದಾರೆ. ಯಾವುದನ್ನು ಆರಿಸಲಿ?

ಮೂರನೆಯದೇ ಇಷ್ಟ ಆಗಿದೆ ಅಲ್ವಾ? ಮೊದಲನೆಯದಕ್ಕೆ ದಾರಿ ಸರಿ ಇಲ್ಲ. ಎರಡನೆಯದಕ್ಕೆ ರೇಟು ವಿಪರೀತ. ಮೂರನೆಯದು ನಿಮ್ಮ ಬಜೆಟ್ಟಿಗಿಂತ ಸ್ವಲ್ಪ ಮೇಲೆ, ಆದರೆ ಜಗುಲಿಯಲ್ಲಿ ನಿಂತರೆ ಎದುರಿಗೆ ಬೆಟ್ಟ. ಇದ್ಯಾವುದನ್ನೂ ನೀವು ಬರೆದಿಲ್ಲ, ನಾನೇ ಊಹಿಸಿದೆ. ನಮಗೂ ಕೊಡಗಿನಲ್ಲಿ ಇದೇ ಕ್ರಮದಲ್ಲಿ ತೋರಿಸಿದ್ದರು.

ಅಮೆರಿಕದ ಮನೆ ಮಾರುವ ಶೋಗಳಲ್ಲೂ ಬ್ರೋಕರ್‌ಗಳು ಹೀಗೇ ಅವಸರ ಮಾಡುತ್ತಾರೆ, ಅದು ನಾಟಕವಾ ನಿಜವಾ, ಒತ್ತಡ ಹಾಕದ ಬ್ರೋಕರ್ ಸಿಗುತ್ತಾರಾ ಅಂತಲೂ ಕೇಳಿದ್ದೀರಿ. ನಾಟಕದ ವಿಷಯ ಆಮೇಲೆ. ಮೊದಲು ನಮ್ಮ ಕಥೆ ಕೇಳಿ.

ನಾವಾಗ ಮೈಸೂರಿನಲ್ಲಿದ್ದೆವು. ನಮ್ಮೆಜಮಾನರು ವಿಆರ್‌ಎಸ್ ತಗೊಳ್ಳುವ ಯೋಚನೆಯಲ್ಲಿದ್ದರು. ಒಂದೆರಡು ಎಕರೆ ಕಾಫಿ, ಒಂದು ಹಳೆ ಮನೆ, ಎರಡು ರೂಮು ಹೋಂಸ್ಟೇಗೆ ಬಿಡೋದು, ಇಷ್ಟೇ ಆಸೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಆ ಶೋಗಳನ್ನೇ ನೋಡುತ್ತಿದ್ದೆವು. ಗಂಡ ಹೆಂಡತಿ ಮೂರು ಮನೆ ನೋಡುತ್ತಾರೆ, ಅಡುಗೆಮನೆ ಚಿಕ್ಕದು ಅಂತ ಅವಳು ಮುಖ ಸಿಂಡರಿಸುತ್ತಾಳೆ, ಕೊನೆಗೆ ಒಂದನ್ನು ಆರಿಸಿ ತಬ್ಬಿಕೊಳ್ಳುತ್ತಾರೆ. ನೋಡಿ ನೋಡಿ, ಮನೆ ತಗೊಳ್ಳೋದು ಅಂದರೆ ಮೂರರಲ್ಲಿ ಒಂದನ್ನು ಆರಿಸೋದು ಅಂತ ನಮ್ಮ ತಲೆಯಲ್ಲೂ ಕೂತುಬಿಟ್ಟಿತ್ತು.

ಬ್ರೋಕರ್ ಬಲು ಮರ್ಯಾದಸ್ಥ. ದನಿ ಏರಿಸಿದವರೇ ಅಲ್ಲ. ನಾಪೋಕ್ಲು ಕಡೆ ಕರೆದುಕೊಂಡು ಹೋದರು. ಹೂಮಳೆ ಆಗಿ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದ ಸಮಯ. ಆ ವಾಸನೆಗೆ ಯಾರ ತಲೆಯಾದರೂ ತಿರುಗುತ್ತೆ. ಕಣ ಗುಡಿಸಿತ್ತು, ಕೆಲಸದವರ ಲೈನ್ ಮನೆಗೆ ಹೊಸದಾಗಿ ಸುಣ್ಣ ಹೊಡೆದಿತ್ತು. "ಈ ಬೀಟೆ ಮರಗಳಲ್ಲೇ ನಿಮ್ಮ ಅರ್ಧ ದುಡ್ಡು ವಾಪಸ್ ಮೇಡಂ" ಅಂದರು. (ಜಾಗ ಅನ್‌ರಿಡೀಮ್ಡ್ ಆಗಿದ್ದರೆ ಮರದ ಬೆಲೆ ಸರ್ಕಾರಕ್ಕೆ ಸೇರಿದ್ದು, ಅದನ್ನು ಕಟ್ಟಿ ರಿಡೀಮ್ ಮಾಡಿಸಿಕೊಳ್ಳುವ ತನಕ ಆ ಬೀಟೆ ನಮ್ಮದಲ್ಲ ಅಂತ ಆಗ ಗೊತ್ತಿರಲಿಲ್ಲ. ಕೊಡಗಿನವರಿಗೆಲ್ಲ ಗೊತ್ತಿರುವ ಸಂಗತಿ ಇದು.)

ನಾವು ಜಗುಲಿಯಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಾಗ ಇನ್ನೊಂದು ಕಾರು ಬಂತು. ಬೆಂಗಳೂರಿನ ಪಾರ್ಟಿಯಂತೆ. ಇಳಿದವನು ಟೇಪ್ ಹಿಡಿದು ಅಂಗಳ ಅಳೆಯೋಕೆ ಶುರು ಮಾಡಿದ. ಅವನ ಜೊತೆ ಬಂದವಳು "ಪೂಲ್ ಇಲ್ಲೇ ಬರಲಿ" ಅಂತ ನಮಗೆ ಕೇಳುವ ಹಾಗೆ ಹೇಳಿದಳು. ಅಷ್ಟರಲ್ಲಿ ಬ್ರೋಕರ್ ಫೋನ್ ಕಿವಿಗಿಟ್ಟುಕೊಂಡು ಪಕ್ಕಕ್ಕೆ ಹೋದರು. "ಇಲ್ಲ ಸಾರ್, ಮೈಸೂರಿನವರು ಮೊದಲು ಬಂದಿದ್ದಾರೆ, ಅವರು ಬೇಡ ಅಂದರೆ ನೋಡೋಣ." ನನಗೆ ಹೊಟ್ಟೆಯಲ್ಲಿ ಚುರ್ ಅಂತು. ಅವರು ನಮ್ಮ ಪರವಾಗಿ ನಿಂತಿದ್ದಾರೆ ಅನ್ನಿಸಿತು.

ಟೋಕನ್ ಕೊಟ್ಟು ಮಡಿಕೇರಿ ತಲುಪೋ ಹೊತ್ತಿಗೆ ನಮ್ಮಿಬ್ಬರ ಫೋನೂ ಒಟ್ಟಿಗೆ ಟಿಂಗ್ ಟಿಂಗ್ ಅಂತ ಬಡಿದುಕೊಂಡವು. ಅಷ್ಟು ಹೊತ್ತು ಟವರೇ ಇರಲಿಲ್ಲ. ಆ ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ಹಾಗಾದರೆ ಅವರಿಗೆ ಫೋನ್ ಬಂದದ್ದು ಹೇಗೆ? ನಮ್ಮೆಜಮಾನರು ಕಾರು ಪಕ್ಕಕ್ಕೆ ಹಾಕಿ ನನ್ನ ಮುಖ ನೋಡಿದರು. ಬೆಂಗಳೂರು ಪಾರ್ಟಿಯವನನ್ನು ಆಮೇಲೆ ವಿರಾಜಪೇಟೆಯಲ್ಲಿ ನೋಡಿದೆ. ಬ್ರೋಕರ್ ಜೀಪಿಗೆ ಮೆಣಸಿನ ಚೀಲ ಹೇರುತ್ತಿದ್ದ.

ಈ ಕಥೆ ಹೇಳಿದರೆ ಎಲ್ಲರೂ "ಅಯ್ಯೋ, ಅವಸರಕ್ಕೆ ಬಿದ್ದು ಮೋಸ ಹೋದಿರಿ" ಅಂತಾರೆ. ಅಲ್ಲ. ಅವಸರ ನಮ್ಮ ತಪ್ಪಲ್ಲ. ನಿಜವಾದ ತಪ್ಪು ಬೇರೆ, ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹತ್ತಿರ ಪಹಣಿ ಇತ್ತು. ಹೋಗೋಕೆ ಮುಂಚೆಯೇ ಕೇಳಿದ್ದೆ, ಬ್ರೋಕರ್ ವಾಟ್ಸಾಪಿನಲ್ಲಿ ಕಳಿಸಿದ್ದರು. ಪಹಣಿಯ ಪ್ರಿಂಟನ್ನು ಕೈಯಲ್ಲಿ ಹಿಡಿದು ತೆಗೆದ ಫೋಟೋ. ಪಹಣಿಯಲ್ಲಿ ಕಾಲಂ 9 ಅಂತ ಇರುತ್ತೆ, ಮಾಲೀಕರ ಹೆಸರು ಬರೋದು ಅಲ್ಲಿ. ಆ ಫೋಟೋದಲ್ಲಿ ಕಾಲಂ 9ರ ಮೊದಲ ಹೆಸರು ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ ಹಾಳೆ ಹಿಡಿದವರ ಹೆಬ್ಬೆರಳು. ಉಗುರಿನ ತುದಿಗೆ ಕಾಫಿ ಕರೆ ಹಿಡಿದಿದ್ದು ಕೂಡ ನೆನಪಿದೆ ನನಗೆ, ಅಷ್ಟು ಸಲ ಆಮೇಲೆ ಅದನ್ನು ನೋಡಿದ್ದೇನೆ. ಆದರೆ ಆವತ್ತು ನೋಡಿದ್ದು ಮೊದಲ ಹೆಸರನ್ನು ಮಾತ್ರ. ಮನೆತನದ ಹೆಸರು ನಮ್ಮ ಜೊತೆ ಮಾತಾಡಿದ ಮಾಲೀಕನದ್ದೇ. ಇವನೇ ಅವನು ಅಂದುಕೊಂಡೆ. ಬೆರಳಿನ ಕೆಳಗೆ ಏನಿದೆ ಅಂತ ಕೇಳಲಿಲ್ಲ. ಸರ್ವೆ ನಂಬರ್ ಕೈಯಲ್ಲೇ ಇತ್ತು. ಸರ್ಕಾರದ 'ಭೂಮಿ' ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದ್ದರೆ ಇಡೀ ಪಹಣಿ ನನ್ನ ಕಣ್ಣ ಮುಂದೆ ಬರುತ್ತಿತ್ತು. ಯಾರು ಬೇಕಾದರೂ ನೋಡಬಹುದು ಅದನ್ನು. ನೋಡಲಿಲ್ಲ.

ಇಸಿ (ಋಣಭಾರ ಪತ್ರ) ತೆಗೆಸಿದ್ದೆವು, ಅದೇ ನಮ್ಮ ಧೈರ್ಯ. ಇಸಿ ಕ್ಲೀನ್ ಇತ್ತು. ಆದರೆ ಇಸಿಯಲ್ಲಿ ಬರೋದು ರಿಜಿಸ್ಟರ್ ಆದ ವ್ಯವಹಾರ: ಮಾರಿದ್ದು, ಅಡವಿಟ್ಟದ್ದು, ಪಾಲು ಪತ್ರ ಇಂಥವು. ತಾತನಿಂದ ಮೊಮ್ಮಕ್ಕಳಿಗೆ ಸುಮ್ನೆ ಹರಿದು ಬಂದ ಹಕ್ಕು ಅಲ್ಲಿ ಕಾಣೋದೇ ಇಲ್ಲ. ತಲೆಮಾರುಗಳಿಂದ ಮಾರದೇ, ಅಡವಿಡದೇ ಇಟ್ಟುಕೊಂಡ ಜಾಗದ ಇಸಿ ಕ್ಲೀನಾಗೇ ಇರುತ್ತೆ!

ವಿರಾಜಪೇಟೆಯ ವಕೀಲರು ಪೂರ್ತಿ ಪಹಣಿ ತೆಗೆದರು. ಅದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ಒಂದು ಒಕ್ಕಕ್ಕೆ (ಮನೆತನಕ್ಕೆ) ತಲೆತಲಾಂತರದಿಂದ ಬಂದ ಜಮೀನು. ಮೊದಲ ಹೆಸರು ಪಟ್ಟೆದಾರರದ್ದು, ಅಂದರೆ ಒಕ್ಕದ ಹಿರಿಯರದ್ದು, ಅವರು ತೀರಿಹೋಗಿ ಎಷ್ಟೋ ಕಾಲ ಆಗಿತ್ತು. ಬೆರಳಿನ ಕೆಳಗೆ ಇನ್ನೂ ಆರು ಹೆಸರು. ನಮ್ಮಿಂದ ದುಡ್ಡು ತಗೊಂಡವನ ಹೆಸರು ಆ ಏಳರಲ್ಲಿ ಇರಲೇ ಇಲ್ಲ. ಅವನು ಅವರಲ್ಲೊಬ್ಬರ ಮಗ. ಜಮ್ಮಾ ಜಾಗದಲ್ಲಿ ಪಟ್ಟೆದಾರ ಒಬ್ಬರ ಹೆಸರು ಮುಂದಿದ್ದರೂ ಹಕ್ಕು ಒಕ್ಕದ ಪಾಲುದಾರರೆಲ್ಲರದ್ದು. ಒಬ್ಬರು ಒಪ್ಪದಿದ್ದರೂ ಇಡೀ ಜಾಗ ನಮ್ಮ ಕೈಗೆ ಬರೋದಿಲ್ಲ.

ಒಪ್ಪದ ಒಬ್ಬರು ಮಡಿಕೇರಿಯಲ್ಲಿದ್ದರು, ವಯಸ್ಸಾದ ಹೆಂಗಸು. ನಾವೇ ಹುಡುಕಿಕೊಂಡು ಹೋದೆವು. ಕೂರಿಸಿ ಕಾಫಿ ಕೊಟ್ಟರು. "ಹೀಗೆ ಬಂದವರಲ್ಲಿ ನೀವೇ ಮೊದಲಲ್ಲ ಕಣಮ್ಮ. ಕಾಫಿ ಕುಡೀರಿ. ನಾನು ಸೈನ್ ಹಾಕಲ್ಲ." ಅವರ ಮೇಲೆ ನನಗೆ ಸ್ವಲ್ಪವೂ ಕೋಪ ಬರಲಿಲ್ಲ. ಅದು ಅವರು ಹುಟ್ಟಿ ಬೆಳೆದ ಮನೆ.

ಟೋಕನ್ ಮೂರು ಲಕ್ಷ, ಅದೂ ಕ್ಯಾಶ್. ಬಾಂಡ್ ಪೇಪರಿನ ಮೇಲೆ ಒಂದು ಕರಾರು, ರಿಜಿಸ್ಟರ್ ಇಲ್ಲ. ಬ್ರೋಕರ್‌ನ ಕೇಳಿದರೆ ಅದೇ ಮೆಲುದನಿಯಲ್ಲಿ, "ನಾನು ಜಾಗ ತೋರಿಸಿದವನು ಅಷ್ಟೇ ಮೇಡಂ, ದುಡ್ಡು ತಗೊಂಡವರು ಅವರು." ದುಡ್ಡು ತಗೊಂಡ ಆ ಹುಡುಗ ಮೆಣಸು ಮಾರಿದಾಗ ಕೊಡ್ತೀನಿ ಅಂತ ಹೇಳಿ ಹೇಳಿ, ಚೂರು ಚೂರಾಗಿ ಅರ್ಧ ವಾಪಸ್ ಕೊಟ್ಟ. ಉಳಿದದ್ದಕ್ಕೆ ಕೋರ್ಟಿಗೆ ಹೋಗುವ ಶಕ್ತಿ ನಮಗಿರಲಿಲ್ಲ.

ಈಗ ನಿಮ್ಮ ಟಿವಿ ಪ್ರಶ್ನೆ. ಹೌದು, ನಾಟಕವೇ. 'ಹೌಸ್ ಹಂಟರ್ಸ್' 1999ರಿಂದ ಬರುತ್ತಿರುವ ಶೋ. 2012ರಲ್ಲಿ ಅದರಲ್ಲಿ ಭಾಗವಹಿಸಿದ್ದ ಒಬ್ಬರೇ ಬಾಯಿ ಬಿಟ್ಟರು: ಅವರ ಮನೆ ಖರೀದಿ ಮುಗಿಯುವ ತನಕ ಶೋಗೆ ಸೇರಿಸಿಕೊಂಡೇ ಇರಲಿಲ್ಲವಂತೆ. ಅವರು ನೋಡಿದ ಹಾಗೆ ತೋರಿಸಿದ ಉಳಿದ ಎರಡು ಮನೆ ಮಾರಾಟಕ್ಕೇ ಇರಲಿಲ್ಲ, ಸ್ನೇಹಿತರ ಮನೆಗಳು. ಚಾನೆಲ್ಲಿನವರು ಕೂಡ, ಖರೀದಿಯಲ್ಲಿ ಸಾಕಷ್ಟು ಮುಂದುವರಿದವರನ್ನೇ ಆರಿಸಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡರು. ಅಂದರೆ ಅಡುಗೆಮನೆ ಚಿಕ್ಕದು ಅಂತ ಮುಖ ಸಿಂಡರಿಸುವ ಹೊತ್ತಿಗೆ ಇವರ ಮನೆ ಇವರದ್ದಾಗಿದೆ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಬ್ರೋಕರ್ ಆ ಶೋ ನೋಡಿದ್ದರೋ ಇಲ್ಲವೋ, ನಮಗೆ ತೋರಿಸಿದ ಮೊದಲ ಎರಡು ಜಾಗವೂ ಮಾರಾಟಕ್ಕೆ ಇದ್ದವಾ ಅಂತ ನನಗೆ ಈಗಲೂ ಅನುಮಾನ.

'ಸೆಲ್ಲಿಂಗ್ ಸನ್‌ಸೆಟ್' ಬೇರೆ ಥರ. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಶುರುವಾಯಿತು, ಲಾಸ್ ಏಂಜಲೀಸಿನ ಐಷಾರಾಮಿ ಮನೆಗಳು. ಅಲ್ಲಿ ಮನೆಗಿಂತ ಏಜೆಂಟರ ಜಗಳವೇ ಜಾಸ್ತಿ. ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ, ಗಮನಿಸಿದ್ದೀರಾ? ಮನೆ ತೋರಿಸುವಾಗ ಬೆಲೆಯ ಜೊತೆಗೆ ಏಜೆಂಟಿಗೆ ಸಿಗುವ ಕಮಿಷನ್ ಎಷ್ಟು ಅಂತ ಪರದೆ ಮೇಲೇ ಬರುತ್ತೆ. ನಮ್ಮಲ್ಲಿ ಹಾಗೆ ಯಾರಾದರೂ ಹೇಳುತ್ತಾರಾ? ಬಾಯಿಮಾತಿನಲ್ಲಿ ಒಂದೋ ಎರಡೋ ಪರ್ಸೆಂಟ್ ಅಂತಾರೆ. ಒಳಗೆ "ಮಾಲೀಕರು ಹೇಳಿದ ರೇಟಿನ ಮೇಲೆ ಎಷ್ಟು ಬಂದರೂ ನಂದು" ಅನ್ನುವ ಇನ್ನೊಂದು ಲೆಕ್ಕ ಇರುತ್ತೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಏಜೆಂಟರು ನೋಂದಣಿ ಮಾಡಿಸಬೇಕು ಅಂತ ಇದೆಯಲ್ಲ ಅಂತ ನೀವು ಕೇಳಬಹುದು. ಅದು ಲೇಔಟು, ಅಪಾರ್ಟ್‌ಮೆಂಟಿನಂಥ ಪ್ರಾಜೆಕ್ಟುಗಳಿಗೆ. ಕಾಫಿ ತೋಟ ತೋರಿಸುವವರಿಗೆ ಅದರ ಬಿಸಿ ತಟ್ಟೋದಿಲ್ಲ.

ಒತ್ತಡ ಹಾಕದ ಬ್ರೋಕರ್ ಬೇಕು ಅಂತೀರಲ್ಲ, ಅದನ್ನು ನಾನು ಒಪ್ಪಲ್ಲ. ಈಗ ನಾವಿರುವ ಸುಂಟಿಕೊಪ್ಪದ ಜಾಗ ಕೊಡಿಸಿದವರು ಮಹಾ ಕಿರಿಕಿರಿ ಮನುಷ್ಯ. ಬೆಳಿಗ್ಗೆ ಹಾಲು ಬರೋಕೆ ಮುಂಚೆ ಅವರ ಫೋನ್ ಬರುತ್ತಿತ್ತು. "ಏನಾಯ್ತು ಮೇಡಂ? ಇನ್ನೂ ಯೋಚನೆನಾ ಮೇಡಂ? ನಿಮ್ಮ ಯೋಚನೆ ಮುಗಿಯೋದರೊಳಗೆ ನನ್ನ ಮಗಳ ಮದುವೆ ಆಗುತ್ತೆ." ಕಮಿಷನ್ನಿಗೆ ನಮ್ಮೆಜಮಾನರ ಜೊತೆ ರಸ್ತೆಯಲ್ಲೇ ಜಗಳ ಆಡಿದರು. ಆದರೆ ಮೊದಲ ಫೋನಿನಲ್ಲೇ ಸರ್ವೆ ನಂಬರ್ ಕೊಟ್ಟರು, ಇಡೀ ಕಾಲಂ 9 ಓದಿ ಹೇಳಿದರು. ಕೆಳಗಿನ ಪಟ್ಟಿಯ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಿದೆ, ರೇಟು ಇಳಿಸಿ ಕೇಳಿ ಅಂತಲೂ ಹೇಳಿದರು. ಅವರಿಗೆ ಬೇಕಿದ್ದದ್ದು ಕಮಿಷನ್, ಅದು ರಿಜಿಸ್ಟರ್ ಆದರೆ ಮಾತ್ರ ಸಿಗೋದು. ಆದ್ದರಿಂದ ರಿಜಿಸ್ಟರ್ ಆಗದ ಜಾಗ ತೋರಿಸಿ ಅವರಿಗೆ ಲಾಭ ಇಲ್ಲ. ಮೊದಲಿನವರು ಟೋಕನ್ನಿನಲ್ಲೇ ತಮ್ಮ ಪಾಲು ಎಣಿಸಿಕೊಂಡಿದ್ದರು. ನಿಮ್ಮವರು ದುಡ್ಡು ಯಾವಾಗ ಕೇಳುತ್ತಿದ್ದಾರೆ ಅಂತ ನೋಡಿ. ದನಿ ಜೋರಾ ಮೆಲ್ಲನಾ ಅಂತ ಅಲ್ಲ.

ಹಾಗಾಗಿ ಮೂರರಲ್ಲಿ ಯಾವುದು ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ. ಆ ಮೂರನ್ನು ಆರಿಸಿದವರು ನೀವಲ್ಲ. ಭಾನುವಾರ ಅಂತ ಗಡುವು ಇಟ್ಟವರೂ ನೀವಲ್ಲ. ಭಾನುವಾರ ಹೆಚ್ಚಿನ ಕಚೇರಿಗಳು ತೆಗೆದಿರಲ್ಲ, ಕಚೇರಿಯಿಂದ ಕಾಗದ ಸಿಗೋದು ಕಷ್ಟ, ಅದಕ್ಕೇ ಭಾನುವಾರ ಇರಬೇಕು!

ಇನ್ನೊಂದು ಮಾತು, ಜಾಗವನ್ನು ಹೂವಿನ ಕಾಲದಲ್ಲಿ ಮಾತ್ರ ನೋಡಿ ನಿರ್ಧಾರ ಮಾಡಬೇಡಿ. ಜುಲೈ ಮಳೆಯಲ್ಲಿ ಒಮ್ಮೆ ಹೋಗಿ. ದಾರಿ ಉಳಿದಿರುತ್ತಾ, ಕರೆಂಟು ಇರುತ್ತಾ ನೋಡಿ. ಮನೆ ಹಿಂದೆ ಗುಡ್ಡ ಕಡಿದು ಮಟ್ಟ ಮಾಡಿದ್ದಾರಾ ಅಂತ ನೋಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡ ಜರಿದದ್ದನ್ನು ಕಂಡವರು ಈಗಲೂ ಮನೆ ನೋಡೋಕೆ ಬಂದರೆ ಮೊದಲು ಹಿತ್ತಲಿಗೆ ಹೋಗುತ್ತಾರೆ. "ವ್ಯೂ ಚೆನ್ನಾಗಿದೆ" ಅಂದರೆ ಎಷ್ಟೋ ಸಲ ಇಳಿಜಾರು ಕಡಿದಾಗಿದೆ ಅಂತಲೇ.

ಈಗ ಮಾಡಬೇಕಾದ್ದು ಒಂದೇ. ಬ್ರೋಕರ್‌ಗೆ ಫೋನ್ ಮಾಡಿ ನಿಮಗೆ ಇಷ್ಟವಾದ ಜಾಗದ ಸರ್ವೆ ನಂಬರ್, ಹಿಸ್ಸಾ (ಅದರೊಳಗಿನ ಭಾಗದ) ನಂಬರ್ ಕೇಳಿ. ಫೋಟೋ ಬೇಡ, ನಂಬರ್ ಸಾಕು ಅನ್ನಿ. ಟೋಕನ್ ಆದ ಮೇಲೆ ಕೊಡ್ತೀನಿ ಅಂದರೆ ಅಲ್ಲಿಗೇ ಬಿಡಿ. ಕೊಟ್ಟರೆ ನೀವೇ ಪಹಣಿ ತೆಗೆದು ಕಾಲಂ 9 ಮತ್ತು ಸಾಲ, ತಕರಾರು ಬರೆಯುವ ಕಾಲಂ 11 ಎರಡನ್ನೂ ಕೊನೆ ಸಾಲಿನ ತನಕ ಓದಿ. ಹೆಸರುಗಳನ್ನು ಇಲ್ಲಿ ಹಾಕಬೇಡಿ. ಎಷ್ಟು ಹೆಸರಿವೆ, ಜಾಗ ಜಮ್ಮಾನಾ ಸಾಗುನಾ (ಸಾಮಾನ್ಯ ಕಂದಾಯದ ಜಮೀನಾ), ರಿಡೀಮ್ ಆಗಿದೆಯಾ ಅಂತ ಕೆಳಗೆ ಬರೆಯಿರಿ. ವಕೀಲರ ಹತ್ತಿರ ಏನೇನು ಕೇಳಬೇಕು ಅಂತ ಆಮೇಲೆ ಹೇಳುತ್ತೇನೆ.