ಸಂಸದರ ನಿಧಿಯಿಂದ ಊರಿಗೊಂದು ಗ್ರಂಥಾಲಯ: ಅರ್ಜಿ ಹಾಕುವುದು ಹೇಗೆ?

ಊರಿನ ಹುಡುಗರೆಲ್ಲ ಸೇರಿ ಗ್ರಂಥಾಲಯ ಕಟ್ಟಿಸಬೇಕು ಅಂತಿದ್ದೀವಿ, ಸಂಸದರ ನಿಧಿಗೆ ಅರ್ಜಿ ಹೇಗೆ ಹಾಕಬೇಕು ಅಂತ ಕೇಳಿದ್ದೀರಿ. ಅರ್ಜಿ ಆಮೇಲೆ ಬರೆಯಿರಿ. ಮೊದಲು ಜಾಗದ ಪಹಣಿ ತೆಗೆಸಿ ನೋಡಿ.

ನಾವು ಎಡವಿದ್ದೇ ಅಲ್ಲಿ. ಊರಿನ ಹಿರಿಯರೊಬ್ಬರು ನನ್ನ ಹೊಲದ ಮೂಲೆಯಲ್ಲಿ ಕಟ್ಟಿಕೊಳ್ಳಿ ಅಂದಿದ್ದರು, ನಾವು ಆ ಬಾಯಿಮಾತನ್ನೇ ನಂಬಿ ಮನೆ ಮನೆಗೆ ಹೋಗಿ ಸಹಿ ಹಾಕಿಸಿ, ಅರ್ಜಿ ಕೊಟ್ಟು, ತಿಂಗಳುಗಟ್ಟಲೆ ಓಡಾಡಿದೆವು. ಕೊನೆಗೆ ಬಂದದ್ದು ಹಿಂಬರಹ: ಜಾಗ ಖಾಸಗಿಯವರ ಹೆಸರಲ್ಲಿದೆ. ಆ ದಿನ ಹುಡುಗರ ಮುಖ ನೋಡೋಕಾಗಲಿಲ್ಲ. ಯಾರಾದರೂ ಜಾಗ ಕೊಡುತ್ತೀನಿ ಅಂದರೆ ಪಂಚಾಯಿತಿ ಹೆಸರಿಗೆ ದಾನಪತ್ರ ನೋಂದಣಿ ಮಾಡಿಸಿಕೊಳ್ಳಿ. ದೇವಸ್ಥಾನದ ಜಾಗವೂ ಬೇಡ, ಅದಕ್ಕೆ ಈ ನಿಧಿ ಸಿಗುವುದಿಲ್ಲ.

ಇನ್ನು ದುಡ್ಡಿನ ವಿಷಯ. 1993ರಲ್ಲಿ ಶುರುವಾದ ಯೋಜನೆ ಇದು, ಈಗ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅದು ಸಂಸದರ ಕೈಗೂ ಬರುವುದಿಲ್ಲ, ನಿಮ್ಮ ಸಂಘದ ಖಾತೆಗೂ ಬರುವುದಿಲ್ಲ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ 8 ವಿಧಾನಸಭಾ ಕ್ಷೇತ್ರ, ಅಷ್ಟೂ ಊರುಗಳು ಇದೇ 5 ಕೋಟಿಗೆ ಕಾಯುತ್ತಿರುತ್ತವೆ ಅಲ್ವಾ? ಹಾಗಾಗಿ ಸುಮ್ನೆ ದೊಡ್ಡ ಸಮುದಾಯ ಭವನದ ಕನಸು ಬೇಡ. ಒಂದು ಓದುವ ಕೋಣೆ, ಒಂದು ಶೌಚಾಲಯ, ಇಷ್ಟಕ್ಕೆ ಇಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ.

ಜಾಸ್ತಿ ಜನ ಕೇಳದ ಬಾಗಿಲು ಒಂದಿದೆ. ರಾಜ್ಯಸಭಾ ಸದಸ್ಯರು ತಾವು ಆಯ್ಕೆಯಾದ ರಾಜ್ಯದ ಯಾವ ಜಿಲ್ಲೆಗೆ ಬೇಕಾದರೂ ಶಿಫಾರಸು ಮಾಡಬಹುದು. ಅವರಿಗೂ ಒಂದು ಪ್ರತಿ ಕೊಡಿ. ಶಾಸಕರಿಗೂ ಬೇರೆ ನಿಧಿ ಇದೆ, ಅಲ್ಲೂ ವಿಚಾರಿಸಿ.

ಅರ್ಜಿ ಒಂದೇ ಪುಟ ಇರಲಿ: ಏನು ಬೇಕು, ಎಲ್ಲಿ, ಎಷ್ಟು ಮಕ್ಕಳು ಓದುತ್ತಾರೆ. ಜೊತೆಗೆ ಪಹಣಿ, ಅಂದಾಜು ಪಟ್ಟಿ, ಗ್ರಾಮಸಭೆಯ ನಡಾವಳಿ ಇಡಿ. ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ದಿನಾಂಕ, ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಕಟ್ಟಡ ಎದ್ದ ಮೇಲೆ ನೋಡಿಕೊಳ್ಳುವವರು ಯಾರು ಅಂತಲೂ ಮೊದಲೇ ಬರೆದುಕೊಡಬೇಕು. ಇದನ್ನು ಹಗುರವಾಗಿ ತಗೋಬೇಡಿ. ಬೀಗ ಬಿದ್ದ ಗ್ರಂಥಾಲಯಗಳನ್ನು ಬೇಕಾದಷ್ಟು ನೋಡಿದ್ದೀನಿ. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಸಂಜೆ ಬಾಗಿಲು ಯಾರು ತೆಗೆಯುತ್ತಾರೆ ಅಂತ ಇದೇ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಬರೆಸಿ.