ಡಿಸ್ಕ್ ಹಾಕಿದ ಮೇಲೆ ಮುಂದಿನ ಚಕ್ರ ಹಿಡಿದುಕೊಳ್ಳುತ್ತಿದೆಯಾ?

ನಿಮ್ಮ 1966ರ ಫೋರ್ಡ್ ಮಸ್ಟಾಂಗ್ ಕಾರಿಗೆ ಮುಂದೆ ಡ್ರಮ್ ಬದಲು ಡಿಸ್ಕ್ ಬ್ರೇಕ್ ಹಾಕಿದ್ದೀರಿ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಪಂಪ್) ಹಳೆಯದೇ. ಸ್ವಲ್ಪ ಓಡಿಸಿದರೆ ಮುಂದಿನ ಚಕ್ರ ಬಿಸಿಯಾಗಿ ಹಿಡಿಯುತ್ತದೆ, ಅಲ್ವಾ? ಸುಮ್ನೆ ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕ್ ಒತ್ತಿ ಹಿಡಿಯುವ ಭಾಗ) ಬಿಚ್ಚಬೇಡಿ. ನನ್ನ ಅನುಮಾನ ಮಾಸ್ಟರ್ ಮೇಲೆಯೇ.

ಡ್ರಮ್ ಬ್ರೇಕಿನ ಮಾಸ್ಟರ್ ಒಳಗೆ ಪುಟ್ಟ ರೆಸಿಡ್ಯುಯಲ್ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುತ್ತದೆ. ಡ್ರಮ್ಮಿನಲ್ಲಿ ಶೂ (ಡ್ರಮ್ಮಿಗೆ ಒತ್ತುವ ಬ್ರೇಕ್ ಪಟ್ಟಿ) ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ಹಾಗಾಗಿ ತೊಂದರೆ ಇಲ್ಲ. ಕ್ಯಾಲಿಪರ್ ಪಿಸ್ಟನ್ನನ್ನು ಹಿಂದಕ್ಕೆ ತರುವುದು ಬರೀ ರಬ್ಬರ್ ಸೀಲ್, ಅದೂ ಕೂದಲೆಳೆಯಷ್ಟು. 10 ಪಿಎಸ್‌ಐ ಇದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಚಕ್ರ ಹಿಡಿದಾಗ, ಜ್ಯಾಕ್ ಮೇಲೆ ಎತ್ತಿ, ಮಾಸ್ಟರ್ ಕೂರಿಸಿರುವ ನಟ್‌ಗಳನ್ನು ಸಡಿಲಿಸಿ ಸ್ವಲ್ಪ ಮುಂದಕ್ಕೆ ಎಳೆಯಿರಿ. ಚಕ್ರ ತಿರುಗಿದರೆ ಪುಶ್‌ರಾಡ್ (ಪೆಡಲಿನಿಂದ ಮಾಸ್ಟರ್ ತಳ್ಳುವ ಕಡ್ಡಿ) ಉದ್ದ ಜಾಸ್ತಿ, ಮಾಸ್ಟರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ. ತಿರುಗದಿದ್ದರೆ ಮಾಸ್ಟರ್ ಹತ್ತಿರ ಪೈಪಿನ ನಟ್ ಸಡಿಲಿಸಿ. ಆಗ ಚಕ್ರ ಬಿಟ್ಟುಕೊಂಡರೆ ಕಳ್ಳ ಆ ರೆಸಿಡ್ಯುಯಲ್ ವಾಲ್ವೇ. ಬಣ್ಣದ ಮೇಲೆ ಬಟ್ಟೆ ಹೊದಿಸಿ, ಬ್ರೇಕ್ ಆಯಿಲ್ ಪೇಂಟ್ ತಿಂದುಹಾಕುತ್ತದೆ.

ಏನೇ ಬಂದರೂ ಎರಡು ಸರ್ಕ್ಯೂಟಿನ (ಮುಂದಿನ, ಹಿಂದಿನ ಬ್ರೇಕಿಗೆ ಬೇರೆ ಬೇರೆ ಲೈನ್ ಇರುವ) ಡಿಸ್ಕ್-ಡ್ರಮ್ ಮಾಸ್ಟರ್ ಹಾಕಿ. ಹಳೆಯದರಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಫೋರ್ಡ್ ಕೂಡ 1967ರ ಮಾಡೆಲ್ಲಿಗೆ ಎರಡು ಸರ್ಕ್ಯೂಟ್ ಕೊಟ್ಟಿತು. ಹಿಂದಿನ ಡ್ರಮ್ ಲೈನಿಗೆ ಪ್ರಪೋರ್ಷನಿಂಗ್ ವಾಲ್ವ್ (ಹಿಂದಕ್ಕೆ ಹೋಗುವ ಒತ್ತಡ ಕಡಿಮೆ ಮಾಡುವ ವಾಲ್ವ್) ಬೇಕು, ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಹೊಸ ಮಾಸ್ಟರನ್ನು ಕಾರಿಗೆ ಕೂರಿಸುವ ಮೊದಲು ವೈಸ್‌ಗೆ ಹಿಡಿಸಿ ಒಳಗಿನ ಗಾಳಿ ತೆಗೆಯಿರಿ.

ಬೂಸ್ಟರ್ (ಪೆಡಲ್ ಒತ್ತಲು ನೆರವಾಗುವ ಪವರ್ ಬ್ರೇಕ್) ಇದೆಯಾ? ಇಲ್ಲದಿದ್ದರೆ 1 ಇಂಚಿಗಿಂತ 15/16 ಇಂಚಿನ ಬೋರ್ (ಮಾಸ್ಟರ್ ಒಳಗಿನ ವ್ಯಾಸ) ಮೇಲು. ಪೆಡಲ್ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಆದರೆ ಕಾಲಿಗೆ ಹಗುರ.