ಡ್ರಾಯಿಂಗ್‌ನಲ್ಲಿರುವ ಬಾಗಿಲು, ರೂಮುಗಳ ಲೆಕ್ಕ ಎಕ್ಸೆಲ್‌ಗೆ: ಟೈಪ್ ಮಾಡದೆ ತರುವುದು ಹೇಗೆ?

ಪ್ರಶ್ನೆ: ಮೂರು ಮಹಡಿಯ ಕಟ್ಟಡವೊಂದರ ಆಟೋಕ್ಯಾಡ್ (ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಡ್ರಾಯಿಂಗ್ ನನ್ನ ಹತ್ತಿರ ಇದೆ. ಬಾಗಿಲು, ಕಿಟಕಿ ಎಷ್ಟಿವೆ, ಅಳತೆ ಏನು, ಪ್ರತಿ ರೂಮಿನ ವಿಸ್ತೀರ್ಣ ಎಷ್ಟು ಅಂತ ಎಕ್ಸೆಲ್ ಶೀಟ್ ಮಾಡಬೇಕು. ಈಗ ಪ್ರಿಂಟ್ ತೆಗೆದು, ಪೆನ್ನಲ್ಲಿ ಟಿಕ್ ಹಾಕುತ್ತಾ ಎಣಿಸಿ ಟೈಪ್ ಮಾಡುತ್ತಿದ್ದೇನೆ. ಡ್ರಾಯಿಂಗ್ ಬದಲಾದರೆ ಮತ್ತೆ ಮೊದಲಿಂದ. ಬೇರೆ ದಾರಿ ಇಲ್ವಾ ಸರ್?

ಉತ್ತರ: ಇದೆ. ಆಟೋಕ್ಯಾಡ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಮಾಂಡ್ ಲೈನ್‌ನಲ್ಲಿ ಡೇಟಾಎಕ್ಸ್‌ಟ್ರಾಕ್ಷನ್ (DATAEXTRACTION) ಎಂದು ಸ್ಪೇಸ್ ಬಿಡದೆ ಕೊಡಿ. ಆಟೋಕ್ಯಾಡ್ 2008ರಿಂದಲೂ ಈ ಕಮಾಂಡ್ ಇದೆ. ಆದರೂ ಎಷ್ಟೋ ಜನ ನಿಮ್ಮ ಹಾಗೆ ಪೆನ್ನು ಹಿಡಿದೇ ಕೂತಿರುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಅದಕ್ಕೂ ಮೊದಲು ಒಂದು ಬಾಗಿಲ ಮೇಲೆ ಕ್ಲಿಕ್ ಮಾಡಿ ನೋಡಿ. ಇಡೀ ಬಾಗಿಲು ಒಂದೇ ಆಗಿ ಸೆಲೆಕ್ಟ್ ಆಯಿತಾ, ಅಥವಾ ಒಂದು ಗೆರೆ ಮಾತ್ರವಾ? ಒಂದೇ ಆಗಿ ಬಂದು, ಪ್ರಾಪರ್ಟೀಸ್‌ನಲ್ಲಿ ಬ್ಲಾಕ್ ರೆಫರೆನ್ಸ್ (ಬ್ಲಾಕ್ ಅಂದರೆ ಹಲವು ಗೆರೆ ಸೇರಿಸಿ ಒಂದು ಹೆಸರು ಕೊಟ್ಟ ಗುಂಪು) ಎಂದು ತೋರಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಗೆರೆ ಮಾತ್ರ ಬಂದರೆ ಯಾರೋ ಅದನ್ನು ಎಕ್ಸ್‌ಪ್ಲೋಡ್ ಮಾಡಿದ್ದಾರೆ, ಅಂದರೆ ಬಿಡಿ ಗೆರೆಗಳಾಗಿ ಒಡೆದಿದ್ದಾರೆ, ಅಥವಾ ಬ್ಲಾಕ್ ಮಾಡಿಯೇ ಇಲ್ಲ. ನಮ್ಮ ಕಣ್ಣಿಗೆ ಅದು ಬಾಗಿಲು, ಆಟೋಕ್ಯಾಡ್‌ಗೆ ಅದು ಎರಡು ಗೆರೆ, ಒಂದು ಆರ್ಕ್ ಅಷ್ಟೇ. ಅಂಥದ್ದನ್ನು ಯಾವ ಕಮಾಂಡೂ ಬಾಗಿಲು ಅಂತ ಎಣಿಸಿಕೊಡುವುದಿಲ್ಲ. ಹಾಗಿದ್ದರೆ ಮೊದಲು ಬ್ಲಾಕ್ ಮಾಡಿ, ಅದಕ್ಕೆ ನಂಬರ್, ಅಗಲ, ಎತ್ತರ ಅಂತ ಆಟ್ರಿಬ್ಯೂಟ್ (ಬ್ಲಾಕಿನ ಜೊತೆಗೇ ಇರುವ ಮಾಹಿತಿ) ಕೊಟ್ಟು, ಹಳೆಯದರ ಜಾಗದಲ್ಲಿ ಇಡಿ. ಒಂದು ದಿನ ಹಿಡಿಯಬಹುದು. ಆದರೂ ಮಾಡಿ, ಮುಂದೆ ಡ್ರಾಯಿಂಗ್ ಬದಲಾದಾಗಲೆಲ್ಲ ಈ ಒಂದು ದಿನ ನಿಮಗೆ ವಾಪಸ್ ಸಿಗುತ್ತದೆ.

ಈಗ ಕಮಾಂಡ್‌ಗೆ ಬರೋಣ. ಡ್ರಾಯಿಂಗ್ ಸೇವ್ ಮಾಡಿ ಶುರು ಮಾಡಿ. ನೀವು ಆರಿಸಿದ್ದೆಲ್ಲವನ್ನೂ ಅದು ಡಿಎಕ್ಸ್‌ಇ (DXE) ಅನ್ನುವ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇಡಿ, ಮುಂದಿನ ಸಲ ಅದನ್ನೇ ತೆರೆದರೆ ಮತ್ತೆ ಎಲ್ಲ ಆರಿಸುವ ಕೆಲಸ ಇರುವುದಿಲ್ಲ. ವಸ್ತುಗಳ ಪಟ್ಟಿ ಬಂದಾಗ ಬ್ಲಾಕ್ ಮಾತ್ರ ತೋರಿಸು ಎಂದು ಹೇಳಿ, ಇಲ್ಲದಿದ್ದರೆ ಗೆರೆ, ಹ್ಯಾಚ್, ಡೈಮೆನ್ಶನ್ ಎಲ್ಲ ಬಂದು ತಲೆ ಕೆಡುತ್ತದೆ. ಆಮೇಲೆ ಪ್ರಾಪರ್ಟಿಗಳ ಪಟ್ಟಿ. ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ಇರಲಿ ಅಂತ ಎಲ್ಲದಕ್ಕೂ ಟಿಕ್ ಬಿಟ್ಟರೆ ಪೊಸಿಷನ್ ಎಕ್ಸ್, ವೈ ಕೂಡ ಸೇರಿಕೊಳ್ಳುತ್ತವೆ. ಪ್ರತಿ ಬಾಗಿಲಿನ ಜಾಗ ಬೇರೆ ಬೇರೆ ತಾನೆ? ಹಾಗಾಗಿ ಒಂದೇ ಥರದ ಸಾಲುಗಳು ಕೂಡಿಕೊಳ್ಳುವುದಿಲ್ಲ. ಒಂದೇ ಅಳತೆಯ 24 ಬಾಗಿಲು ಇದ್ದರೆ ‘24’ ಅಂತ ಒಂದು ಸಾಲು ಬರುವ ಬದಲು ‘1’ ಅಂತ 24 ಸಾಲು ಬರುತ್ತವೆ. ಎಣಿಕೆ ಬೇಕಾದರೆ ಹೆಸರು, ಅಗಲ, ಎತ್ತರ ಮಾತ್ರ ಇಟ್ಟುಕೊಳ್ಳಿ. ಬಾಗಿಲ ನಂಬರ್ ಕೂಡ ಒಂದೊಂದಕ್ಕೆ ಒಂದೊಂದು ಇದ್ದರೆ ಅದರ ಟಿಕ್ಕನ್ನೂ ತೆಗೆಯಿರಿ.

ಹಾಗಂತ ಪೊಸಿಷನ್ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಕಾಪಿ ಮಾಡುವಾಗ ಒಂದೇ ಜಾಗದಲ್ಲಿ ಎರಡು ಬಾಗಿಲು ಕೂತುಬಿಡುವುದು ಬಹಳ ಸಾಮಾನ್ಯ. ಸ್ಕ್ರೀನ್ ಮೇಲೆ ಒಂದೇ ಕಾಣುತ್ತದೆ, ಲೆಕ್ಕದಲ್ಲಿ ಎರಡು. ಇನ್ನೊಂದು ಸಲ ಪೊಸಿಷನ್ ಸಮೇತ ತೆಗೆದು, ಎಕ್ಸೆಲ್‌ನಲ್ಲಿ ಎಕ್ಸ್, ವೈ ಎರಡೂ ಒಂದೇ ಇರುವ ಸಾಲು ಇವೆಯಾ ನೋಡಿ. ನಾನಂತೂ ಇದನ್ನು ನೋಡದೆ ಯಾವ ಎಣಿಕೆಯನ್ನೂ ಮುಂದೆ ಕಳಿಸುವುದಿಲ್ಲ.

ರೂಮಿನ ವಿಸ್ತೀರ್ಣ ಸ್ವಲ್ಪ ಕಷ್ಟ. ರೂಮಿನ ಸುತ್ತ ಎಳೆದ ಪಾಲಿಲೈನ್‌ನಿಂದ (ಹಲವು ತುಂಡು ಸೇರಿ ಒಂದೇ ಆಗಿರುವ ಗೆರೆ) ಏರಿಯಾ ಸುಲಭವಾಗಿ ಬರುತ್ತದೆ, ಆದರೆ ಯಾವ ಏರಿಯಾ ಯಾವ ರೂಮಿನದು ಅಂತ ಆ ಸಾಲಿನಲ್ಲಿ ಇರುವುದಿಲ್ಲ. ಅದಕ್ಕೆ ಒಂದು ರೂಮ್ ಟ್ಯಾಗ್ ಬ್ಲಾಕ್ ಮಾಡಿ. ಅದರಲ್ಲಿ ಹೆಸರಿಗೆ ಒಂದು ಆಟ್ರಿಬ್ಯೂಟ್, ಏರಿಯಾಗೆ ಇನ್ನೊಂದು. ಏರಿಯಾ ಜಾಗದಲ್ಲಿ ಸಂಖ್ಯೆ ಬರೆಯಬೇಡಿ, ಫೀಲ್ಡ್ (ಡ್ರಾಯಿಂಗ್‌ನಿಂದಲೇ ಬೆಲೆ ಓದಿಕೊಳ್ಳುವ ಬರಹ) ಹಾಕಿ ಆ ರೂಮಿನ ಪಾಲಿಲೈನ್‌ಗೆ ಜೋಡಿಸಿ. ಗೋಡೆ ಸರಿಸಿ ಪಾಲಿಲೈನ್ ತಿದ್ದಿ ರೀಜೆನ್ (REGEN) ಕಮಾಂಡ್ ಕೊಟ್ಟರೆ ಏರಿಯಾ ತಾನೇ ಬದಲಾಗುತ್ತದೆ. ಆಮೇಲೆ ಈ ಟ್ಯಾಗ್‌ಗಳನ್ನು ಬಾಗಿಲಿನ ಹಾಗೆಯೇ ಎಕ್ಸೆಲ್‌ಗೆ ತೆಗೆಯಿರಿ.

ಇದರಲ್ಲಿ ಎರಡು ಕಡೆ ಎಚ್ಚರ ಬೇಕು. ಟ್ಯಾಗ್ ಒಂದನ್ನೇ ಪಕ್ಕದ ರೂಮಿಗೆ ಕಾಪಿ ಮಾಡಿದರೆ ಅದು ಇನ್ನೂ ಹಳೇ ರೂಮಿನ ಏರಿಯಾವನ್ನೇ ತೋರಿಸುತ್ತಿರುತ್ತದೆ. ಹೆಸರು ಅಡುಗೆಮನೆ, ಏರಿಯಾ ಹಾಲ್‌ನದು. ಸಂಖ್ಯೆ ನೋಡಿದರೆ ಅನುಮಾನವೂ ಬರುವುದಿಲ್ಲ. ಎರಡನೆಯದು ಪಾಲಿಲೈನ್ ಕ್ಲೋಸ್ ಆಗದೇ ಇರುವುದು. ಕ್ಲೋಸ್ ಆಗದಿದ್ದರೂ ಆಟೋಕ್ಯಾಡ್ ಶುರು ಮತ್ತು ಕೊನೆಯ ಬಿಂದುಗಳ ನಡುವೆ ನೇರ ಗೆರೆ ಇದೆ ಅಂದುಕೊಂಡು ಒಂದು ಏರಿಯಾ ಕೊಟ್ಟೇಬಿಡುತ್ತದೆ, ತಪ್ಪು ಅಂತ ಎಲ್ಲೂ ಹೇಳುವುದಿಲ್ಲ. ಮೂಲೆಯೊಂದು ಬಿಟ್ಟುಹೋಗಿದ್ದರೆ ವಿಸ್ತೀರ್ಣ ಸದ್ದಿಲ್ಲದೆ ಕಮ್ಮಿಯಾಗಿರುತ್ತದೆ. ಕ್ವಿಕ್ ಸೆಲೆಕ್ಟ್‌ನಲ್ಲಿ ಪಾಲಿಲೈನ್ ಆರಿಸಿ, ಕ್ಲೋಸ್ಡ್ ಅನ್ನುವಲ್ಲಿ ‘ನೋ’ ಕೊಟ್ಟರೆ ಅಂಥವು ಎಲ್ಲ ಒಟ್ಟಿಗೆ ಸಿಗುತ್ತವೆ.

ಪ್ರಶ್ನೆ: ಎಕ್ಸೆಲ್‌ಗೆ ಬಂತು, ಆದರೆ 3 ಮೀಟರ್‌ಗೆ 4 ಮೀಟರ್ ರೂಮಿನ ಏರಿಯಾ 12000000 ಅಂತ ಇದೆ. ಬಾಗಿಲ ನಂಬರ್ 2-3 ಇದ್ದದ್ದು ತಾರೀಖಾಗಿದೆ. ಏನು ತಪ್ಪಾಗಿದೆ?

ಉತ್ತರ: ಏರಿಯಾ ತಪ್ಪಿಲ್ಲ. ಡ್ರಾಯಿಂಗ್ ಮಿಲಿಮೀಟರ್‌ನಲ್ಲಿದೆ, ಆದ್ದರಿಂದ ಬಂದಿರುವುದು ಚದರ ಮಿಲಿಮೀಟರ್. 10 ಲಕ್ಷದಿಂದ ಭಾಗಿಸಿದರೆ 12 ಚದರ ಮೀಟರ್. ಉದ್ದಕ್ಕೆ ಸಾವಿರದಿಂದ ಭಾಗಿಸಿದರೆ ಸಾಕು, ಏರಿಯಾಗೂ ಸಾವಿರವನ್ನೇ ಹಾಕಿ ಕೆಡಿಸಿಕೊಂಡವರು ಬಹಳ ಜನ ಇದ್ದಾರೆ. ಫೀಲ್ಡ್ ಹಾಕುವಾಗಲೇ ಕನ್ವರ್ಶನ್ ಫ್ಯಾಕ್ಟರ್ 0.000001 ಕೊಟ್ಟರೆ ಈ ಭಾಗಾಕಾರವೂ ಬೇಡ.

ತಾರೀಖಿನದು ಎಕ್ಸೆಲ್ ಮಾಡಿದ ಕೆಲಸ. ಸಿಎಸ್‌ವಿ ಫೈಲನ್ನು (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಟೆಕ್ಸ್ಟ್ ಫೈಲ್) ಡಬಲ್ ಕ್ಲಿಕ್ ಮಾಡಿ ತೆರೆದರೆ 2-3 ತಾರೀಖಾಗುತ್ತದೆ, 007 ಬರೀ 7 ಆಗುತ್ತದೆ, 2ಇ5 (2E5) ಥರದ್ದನ್ನು 2ರ ಮುಂದೆ ಐದು ಸೊನ್ನೆ ಅಂದುಕೊಂಡು ಎರಡು ಲಕ್ಷ ಮಾಡಿಬಿಡುತ್ತದೆ. ಒಮ್ಮೆ ಹಾಗೆ ಸೇವ್ ಮಾಡಿದರೆ ಮೊದಲಿದ್ದದ್ದು ವಾಪಸ್ ಬರುವುದಿಲ್ಲ. ಖಾಲಿ ಶೀಟ್ ತೆರೆದು, ಡೇಟಾ ಟ್ಯಾಬ್‌ನಿಂದ ಫೈಲ್ ತರಿಸಿ, ಆ ಕಾಲಂ ಟೆಕ್ಸ್ಟ್ ಎಂದು ಹೇಳಿ. ಡ್ರಾಯಿಂಗ್ ತುಂಬಾ ದೊಡ್ಡದಾದರೆ ಹಳೇ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ ಅನ್ನುವುದೂ ನೆನಪಿರಲಿ.

ಪ್ರಶ್ನೆ: ಎಕ್ಸೆಲ್‌ನಲ್ಲಿ ತಿದ್ದಿದ್ದು ಡ್ರಾಯಿಂಗ್‌ಗೆ ವಾಪಸ್ ಹೋಗುತ್ತದಾ?

ಉತ್ತರ: ಆಟ್ರಿಬ್ಯೂಟ್ ಆದರೆ ಹೋಗುತ್ತದೆ. ಆಟೋಕ್ಯಾಡ್‌ನ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಆಟ್‌ಔಟ್ (ATTOUT), ಆಟ್‌ಇನ್ (ATTIN) ಅಂತ ಎರಡು ಕಮಾಂಡ್ ಇವೆ. ಮೊದಲನೆಯದು ಆಟ್ರಿಬ್ಯೂಟ್‌ಗಳನ್ನು ಟೆಕ್ಸ್ಟ್ ಫೈಲಾಗಿ ಹೊರಗೆ ಕೊಡುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತಿದ್ದಿ, ಟ್ಯಾಬ್ ಇರುವ ಟೆಕ್ಸ್ಟ್ ಆಗಿಯೇ ಸೇವ್ ಮಾಡಿ, ಎರಡನೆಯದರಿಂದ ಒಳಗೆ ತನ್ನಿ. ಮೊದಲ ಕಾಲಂನಲ್ಲಿ ಹ್ಯಾಂಡಲ್ ಇರುತ್ತದೆ, ಅಂದರೆ ಡ್ರಾಯಿಂಗ್ ಒಳಗೆ ಆ ಬ್ಲಾಕಿನ ಗುರುತು. ಅದರ ಮುಂದೆ ಒಂದು ಸಣ್ಣ ಅಪಾಸ್ಟ್ರಫಿ (') ಗುರುತು ಕಾಣುತ್ತದೆ, ಕಸ ಅಂದುಕೊಂಡು ಅಳಿಸಬೇಡಿ. ಹ್ಯಾಂಡಲ್ ಕೂಡ 2ಇ5 ಥರ ಇರಬಹುದು, ಅದು ಸಂಖ್ಯೆಯಾಗಿ ಕೆಡದಿರಲಿ ಅಂತಲೇ ಆ ಗುರುತು ಇರುವುದು. ಫೈಲ್ ಹೊರಗೆ ತೆಗೆದ ಡ್ರಾಯಿಂಗ್‌ಗೇ ಅದನ್ನು ವಾಪಸ್ ಹಾಕಿ. ಏರಿಯಾ ಫೀಲ್ಡ್ ಇರುವ ಕಾಲಂ ಮಾತ್ರ ಕಳಿಸುವ ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಫೀಲ್ಡ್ ಇದ್ದ ಕಡೆ ಬರೀ ಸಂಖ್ಯೆ ಕೂರಬಹುದು, ಆಗ ಗೋಡೆ ಸರಿಸಿದರೂ ಅದು ಬದಲಾಗುವುದಿಲ್ಲ.